ಕೆಮ್ಮದವರ ಕೆಮ್ಮು ಕೇಳುವ ವಿಮಲಕ್ಕ

"ಇದು ಒಗ್ಗರಣೆಯದ್ದಾ, ಎದೆಯದ್ದಾ?"

ಕೇಳಿದ್ದು ಯಾರನ್ನೂ ಅಲ್ಲ. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಒಳಕ್ಕೆ ತಿರುಗುವ ಗಲ್ಲಿಯೊಂದರಲ್ಲಿ, ನಮ್ಮ ಕರಾವಳಿಯವರ ಹೋಟೆಲಿನ ಹಿಂಬಾಗಿಲ ಎದುರು ನಿಂತು ವಿಮಲಾ ಸಾಲಿಯಾನ್ ತಮ್ಮಷ್ಟಕ್ಕೆ ಆಡಿಕೊಂಡ ಮಾತು. 2013ರ ಡಿಸೆಂಬರ್, ಶನಿವಾರ. ಇನ್ನೂ ಬೆಳಕು ಹರಿದಿಲ್ಲ. ಚಳಿಗೆ ಹೊಗೆಯೂ ಧೂಳೂ ನೆಲದತ್ತ ಇಳಿದು ಬೀದಿದೀಪದ ಕೆಳಗೆ ಹಳದಿಯಾಗಿ ನಿಂತಿವೆ. ಹಾಲಿನ ಕ್ರೇಟುಗಳು ಇಳಿಯುತ್ತಿವೆ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿದ್ದವರು ಏಣಿ ಇಳಿದು ಬರುತ್ತಿದ್ದಾರೆ. ಆ ಕತ್ತಲಲ್ಲಿ ಯಾರೋ ಕೆಮ್ಮುತ್ತಾರೆ. ಒಣ ಕೆಮ್ಮಲ್ಲ, ಕೊಡದ ತಳದಲ್ಲಿ ಉಳಿದ ನೀರು ಅಲುಗಿದಂಥ ಸದ್ದು. ವಿಮಲಾ ತಲೆ ಓರೆ ಮಾಡಿ ಕೇಳುತ್ತಾರೆ.

ಈ ಹೊತ್ತಿಗೇ ಬರಬೇಕು. ಒಲೆ ಹತ್ತಿ ಮೊದಲ ಒಗ್ಗರಣೆ ಸಿಡಿಯಿತೆಂದರೆ ಕೆಲಸ ಕೆಟ್ಟಿತು. ಆಮೇಲೆ ಒಣಮೆಣಸಿನ ಘಾಟಿಗೆ ಕಾಯಿಲೆ ಇದ್ದವರೂ ಕೆಮ್ಮುತ್ತಾರೆ, ಇಲ್ಲದವರೂ ಕೆಮ್ಮುತ್ತಾರೆ, ಗಲ್ಲಾದಲ್ಲಿ ಕೂತ ಸೇಠರೂ ಕೆಮ್ಮುತ್ತಾರೆ. ಹೋಟೆಲಿನವರನ್ನು ಕೇಳಿದರೆ ಅವರ ಬಳಿ ಇರುವುದು ಒಂದೇ ಉತ್ತರ: "ಒಗ್ಗರಣೆ ಕೆಮ್ಮು ಅಕ್ಕಾ, ಇದ್ದದ್ದೇ."

"ಬಂದ್ರಾ ಅಕ್ಕಾ?" ಹಾಲಿನ ಕ್ರೇಟು ಹೊತ್ತ ಚನಿಯ ನಗುತ್ತಾರೆ. "ನೀವು ಗಲ್ಲಿಗೆ ಕಾಲಿಟ್ರೆ ಸಾಕು, ನಮ್ಮ ಹೋಟ್ಲಲ್ಲಿ ಎಲ್ಲರ ಕೆಮ್ಮೂ ನಿಲ್ತದೆ. ಡಾಕ್ಟ್ರಿಗಿಂತ ನೀವೇ ವಾಸಿ."

"ನಿಲ್ಲುದಲ್ಲ ಚನಿಯಣ್ಣ, ನುಂಗುದು. ಆ ಹೊಸ ಜನ ಯಾರು, ಪಾತ್ರೆ ತೊಳೆಯುವಲ್ಲಿ? ಕರೀರಿ ಸ್ವಲ್ಪ."

ಹೊಸಬ ಕಂಬಳಿ ಹೊದ್ದೇ ಬರುತ್ತಾನೆ. ಎಷ್ಟು ದಿನದಿಂದ ಕೆಮ್ಮು? ನಿನ್ನೆಯಿಂದ. ಏಣಿಯ ಮೇಲಿನಿಂದ ಇನ್ನೊಬ್ಬನ ಧ್ವನಿ: "ನಿನ್ನೆ ಅಲ್ಲ, ದೀಪಾವಳಿಯಿಂದ! ನಮ್ಮ ನಿದ್ದೆ ಕೇಳಿ ಅಕ್ಕಾ, ಅದು ಲೆಕ್ಕ ಹೇಳ್ತದೆ." ಎಲ್ಲರೂ ನಗುತ್ತಾರೆ. ಹೊಸಬ ನಗುವುದಿಲ್ಲ. ಅವನ ಕಣ್ಣು ಗಲ್ಲಾದತ್ತ ಹೊರಳಿ ಮತ್ತೆ ನೆಲಕ್ಕೆ ಬೀಳುತ್ತದೆ. ವಿಮಲಾ ಅವನನ್ನು ಗೋಡೆಯ ಆಚೆಗೆ ಕರೆದೊಯ್ದು ತಗ್ಗಿದ ಧ್ವನಿಯಲ್ಲಿ ಮಾತಾಡಿ, ಒಂದು ಚೀಟಿ ಬರೆದು ಕೈಗೆ ಕೊಡುತ್ತಾರೆ.

ಅಷ್ಟರಲ್ಲಿ ಮುಖ್ಯ ಅಡುಗೆಯವರಾದ ದೇಜಪ್ಪ ಬರುತ್ತಾರೆ. ಹೆಗಲಿಗೆ ಮಡಿಸಿದ ಟವೆಲು, ಹಣೆಗೆ ಗಂಧ, ಸ್ನಾನ ಮುಗಿಸಿದ ಮುಖ. "ಏನು ವಿಮಲಾ, ಇವತ್ತು ಎಷ್ಟು ವಿಕೆಟ್?" ಎಂದು ಕೇಳಿ ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಎಣ್ಣೆ ಕಾದು, ಸಾಸಿವೆ ಸಿಡಿದು, ಮೆಣಸು ಬಿದ್ದು, ಗಲ್ಲಿಗೆ ಗಲ್ಲಿಯೇ ಕೆಮ್ಮತೊಡಗುತ್ತದೆ. ಒಗ್ಗರಣೆ ಹಾಕಿದ ದೇಜಪ್ಪ ಒಬ್ಬರು ಮಾತ್ರ ಕೆಮ್ಮುವುದಿಲ್ಲ.

ವಿಮಲಾ ಅವರ ಹುದ್ದೆಗೆ ಸರಕಾರಿ ಕಾಗದದಲ್ಲಿ ಉದ್ದದ ಹೆಸರಿದೆ. ಬಿಡಿಸಿ ಹೇಳಿದರೆ ಇಷ್ಟೇ: ಕ್ಷಯದ ಪರೀಕ್ಷೆಗೆ ಯಾರನ್ನು ಕಳಿಸಬೇಕು, ಯಾರನ್ನು ಬೇಡ ಎಂದು ಬಾಗಿಲು ಬಾಗಿಲಿಗೆ ಹೋಗಿ ತೀರ್ಮಾನಿಸುವುದು. ಏಳು ವರ್ಷದಿಂದ ಇದೇ ಕೆಲಸ. ಪಡುಬಿದ್ರಿ ಕಡೆಯ ಹೆಣ್ಣು. ಮದುವೆಯಾಗಿ ಇಲ್ಲಿಗೆ ಬಂದವರು. ಗಂಡನಿಗೆ ಅಂಬರನಾಥದ ಕಂಪನಿಯೊಂದರಲ್ಲಿ ಪಾಳಿ ಕೆಲಸ, ಮಗಳು ರಮಿತಾ ಶಾಲೆಯಲ್ಲಿ. ದಿನಕ್ಕೆ ಅರವತ್ತು ಎಪ್ಪತ್ತು ಬಾಗಿಲು ತಟ್ಟುತ್ತಾರೆ. ತೆರೆಯುವುದು ಅರ್ಧ. ತೆರೆದದ್ದರಲ್ಲಿ ಅರ್ಧ ಇವರ ಹೆಗಲ ಚೀಲ ಕಂಡೊಡನೆ ಮುಚ್ಚಿಕೊಳ್ಳುತ್ತದೆ.

ನಿಯಮವೇನೋ ಇದೆ. ಎರಡು ವಾರ ದಾಟಿದ ಕೆಮ್ಮು, ಸಂಜೆಗೆ ಏರುವ ಜ್ವರ, ಕಾರಣವಿಲ್ಲದೆ ಇಳಿಯುವ ಮೈ. ಒಬ್ಬರಿಗೆ ಬಂದ ಮನೆಯಲ್ಲಿ ಉಳಿದವರೆಲ್ಲರ ಮೇಲೆ ಕಣ್ಣು. ಸಕ್ಕರೆ ಕಾಯಿಲೆಯವರಾದರೆ ಇನ್ನಷ್ಟು ಎಚ್ಚರ. ಆದರೆ ಕೇಳಿದ ಪ್ರಶ್ನೆಗೆಲ್ಲ ಹೆದರಿಕೆಯೇ ಉತ್ತರ ಕೊಡುವಲ್ಲಿ ನಿಯಮ ಎಷ್ಟು ದೂರ ನಡೆದೀತು? ಹೋಟೆಲಿನವನಿಗೆ ಕೆಲಸದ ಹೆದರಿಕೆ, ಕೆಮ್ಮು ಗೊತ್ತಾದರೆ ಊರಿನ ರೈಲು ಹತ್ತಿಸುತ್ತಾರೆ. ಬಾಡಿಗೆಯವರಿಗೆ ಕೋಣೆಯ ಹೆದರಿಕೆ. ಹುಡುಗಿಯ ತಾಯಿಗೆ ಸಂಬಂಧ ತಪ್ಪುವ ಹೆದರಿಕೆ.

"ನನಗೂ ಹೆದರಿಕೆಯೇ," ಎನ್ನುತ್ತಾರೆ ವಿಮಲಾ. "ಇಲ್ಲ ಅಂದ್ರೆ ಸುಳ್ಳಾಗ್ತದೆ. ಕಾಯಿಲೆ ಇಲ್ಲದವರನ್ನು ಕಳ್ಸಿದ್ರೆ ಬೈಗುಳ. ತಿಂದು ಅಭ್ಯಾಸ ಉಂಟು. ಇದ್ದವರನ್ನು ಬಿಟ್ಟು ಬಂದ್ರೆ? ಅವರು ಕೆಮ್ಮುವ ಕೋಣೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ನೆನಪಾದ್ರೆ ಮನೆಯಲ್ಲಿ ಕೈಯಲ್ಲಿದ್ದ ಸೌಟು ಹಾಗೇ ನಿಲ್ತದೆ. ರಮಿತಾ ಒಮ್ಮೆ ಕೆಮ್ಮಿದ್ರೂ ಓಡಿ ಹೋಗಿ ಹಣೆ ಮುಟ್ಟುದು ನಾನು. ಅವಳು ನಗಾಡ್ತಾಳೆ. 'ಮಮ್ಮಿ, ಪಾನಿ ಅಟಕಾ ಥಾ, ಬಸ್' ಅಂತ. ನೀರು ನೆತ್ತಿಗೇರಿದ್ದಂತೆ, ಅಷ್ಟೆ."

ಚನಿಯ ಅವರನ್ನು ಪರೀಕ್ಷೆಗೆ ಕಳಿಸಿದ್ದೂ ಇವರೇ. ಅವರದೂ ಒಗ್ಗರಣೆ ಕೆಮ್ಮೇ ಆಗಿತ್ತು, ಬಟ್ಟಲು ತೊಳೆಯುವ ನೀರಿನಲ್ಲಿ ಕೆಂಪು ಕಾಣುವವರೆಗೆ. ತಿಂಗಳುಗಟ್ಟಲೆ ಗುಳಿಗೆ ನುಂಗಿ ವಾಸಿಯಾಗಿ ಅದೇ ಹೋಟೆಲಿಗೆ ಮರಳಿದ್ದಾರೆ. ರೋಗ ಹರಡುವುದು ತಟ್ಟೆ ಲೋಟದಿಂದಲ್ಲ, ಗಾಳಿಯಿಂದ ಎಂದು ಸೇಠರಿಗೆ ವಿಮಲಾ ಎಷ್ಟು ಸಲ ಹೇಳಿದರೋ. ಆದರೂ ಚನಿಯ ಇಂದಿಗೂ ತಮ್ಮ ಲೋಟವನ್ನು ಬೇರೆ ಮೊಳೆಗೆ ತೂಗು ಹಾಕುತ್ತಾರೆ. ಯಾರೂ ಹೇಳಿದ್ದಲ್ಲ, "ನಾವೇ ಇಟ್ಟುಕೊಂಡ್ರೆ ಒಳ್ಳೆದಲ್ವಾ" ಎನ್ನುತ್ತಾರೆ.

ಆ ಶನಿವಾರದ ಸಂಜೆ ವಿಮಲಾ ಎಂದಿನಂತೆ ಭಜನಾ ಮಂಡಳಿಗೆ ಹೋಗುತ್ತಾರೆ. ಕೆಲಸವಲ್ಲ, ಭಕ್ತಿ. ಸಾಲುಕೋಣೆಗಳ ಚಾಳಿನ ಮೇಲಂತಸ್ತಿನ ಕೋಣೆಯಲ್ಲಿ ಶನಿವಾರ ಶನಿವಾರ ಶನಿದೇವರ ಕಥೆಯ ಪಾರಾಯಣ. ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಮದ್ದಳೆಯೂ ತಾಳವೂ ಜತೆಗಿರುತ್ತವೆ. ಹಗಲೆಲ್ಲ ಎಣ್ಣೆಯ ಮುಂದೆ ನಿಂತವರು, ಲಿಫ್ಟು ಓಡಿಸಿದವರು, ಬೇಲಾಪುರದ ಕಚೇರಿಗಳಲ್ಲಿ ಚಹಾ ಹಂಚಿದವರು ಚಾಪೆಯ ಮೇಲೆ ಕಾಲು ಮಡಿಸಿ ಕೂತರೆ ಮುಖಗಳೇ ಬೇರೆಯಾಗುತ್ತವೆ. ಪದ್ಯ ಹಾಡುವವರು ದೇಜಪ್ಪ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗ್ರಂಥವಿಟ್ಟ ಪೀಠದ ಮುಂದೆ ಕೂತವರು. ಅವರ ಕಂಠ ಎದ್ದರೆ ಕೆಳಗೆ ರಿಕ್ಷಾ ಸ್ಟ್ಯಾಂಡಿನ ಮರಾಠಿ ಮಂದಿಯೂ ಮಾತು ತಗ್ಗಿಸುತ್ತಾರೆ.

ವಿಮಲಾ ಹುಟ್ಟಿದ ಮನೆಯಲ್ಲಿ ತಂದೆ ದಿನವೂ ದೀಪ ಹೊತ್ತಿಸಿ ಪದ್ಯ ಓದುತ್ತಿದ್ದರು. ಅರ್ಥ ತಿಳಿಯುವ ಮುಂಚೆಯೇ ಕಿವಿಗೆ ಅದರ ನಡೆ ಗೊತ್ತು. ಷಟ್ಪದಿಯಲ್ಲಿ ಎರಡು ಸಾಲು ಗಿಡ್ಡ, ಮೂರನೆಯದು ಉದ್ದ. ಮತ್ತೆ ಎರಡು ಗಿಡ್ಡ, ಆರನೆಯದು ಉದ್ದ. ಆ ಉದ್ದದ ಸಾಲಿಗೆ ಉಸಿರು ಬೇಕು. ದೇಜಪ್ಪನವರು ಅದನ್ನು ಒಂದೇ ಉಸಿರಿನಲ್ಲಿ ಎತ್ತಿ, ಕೊನೆಯ ಅಕ್ಷರವನ್ನು ಮದ್ದಳೆಯ ಮೇಲೆ ಹೂವಿನ ಹಾಗೆ ಇಳಿಸುವುದನ್ನು ಕೇಳಲೆಂದೇ ಜನ ಬರುತ್ತಾರೆ.

ಅಂದು ಮೂರನೆಯ ಸಾಲಿನ ನಡುವೆ ಅವರು ನಿಲ್ಲುತ್ತಾರೆ. ಒಂದು ಗುಟುಕಿನಷ್ಟೇ ಹೊತ್ತು. ಕೈಯ ತಾಳ ಒಮ್ಮೆ ಹೆಚ್ಚಿಗೆ ಬಡಿದು ಆ ಬಿರುಕನ್ನು ಮುಚ್ಚುತ್ತದೆ. ಆರನೆಯ ಸಾಲು ಬಂದಾಗ ಪಕ್ಕದಲ್ಲಿ ಕೂತ ಪುಂಡರೀಕಾಕ್ಷನ ಕಡೆ ಕೈ ತೋರಿಸುತ್ತಾರೆ. ಕಿರಿಯ ಹಾಡುಗಾರನಾದ ಅವನು ಉಳಿದರ್ಧವನ್ನು ಎತ್ತಿಕೊಳ್ಳುತ್ತಾನೆ. ಮುಂದಿನ ಪದ್ಯದಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ.

"ನೋಡಿ ಮಾರಾಯ್ರೆ, ಎಂಥ ದೊಡ್ಡ ಮನಸ್ಸು," ಹಿಂದಿನ ಸಾಲಿನಲ್ಲಿ ಒಬ್ಬರು ಪಿಸುಗುಟ್ಟುತ್ತಾರೆ. "ಕಿರಿಯರು ಮೇಲೆ ಬರ್ಲಿ ಅಂತ ಪದ್ಯವನ್ನೇ ಬಿಟ್ಟುಕೊಡ್ತಾರೆ. ಈ ಕಾಲದಲ್ಲಿ ಯಾರು ಬಿಡ್ತಾರೆ?"

ವಿಮಲಾ ತಲೆ ಓರೆ ಮಾಡಿ ಕೇಳುತ್ತಾರೆ. ಅದು ಔದಾರ್ಯವಲ್ಲ. ಉಸಿರು ಸಾಲುತ್ತಿಲ್ಲ. ದೀಪದ ಬೆಳಕಿನಲ್ಲಿ ನೋಡಿದರೆ ಕುತ್ತಿಗೆಯ ಎರಡು ಬದಿ ಗುಳಿ ಬಿದ್ದಿದೆ, ರೇಶ್ಮೆ ಶಾಲಿನ ಒಳಗೆ ಭುಜದ ಎಲುಬು ಎದ್ದಿದೆ. ಈ ಮನುಷ್ಯ ಹೋಟೆಲಿನಲ್ಲಿ ಎಂದೂ ಕೆಮ್ಮಿದ್ದಿಲ್ಲ, ಆದ್ದರಿಂದ ಯಾರೂ ಇವರನ್ನು ಕೇಳಿದ್ದಿಲ್ಲ. ಮೂರು ತಾಸು ಪದ್ಯ ಹಾಡುವವರ ಎದೆಗೆ ಏನಾದೀತು ಎಂದು ಇಡೀ ಮಂಡಳಿ ನಂಬಿದೆ. ಆದರೆ ಕೆಮ್ಮನ್ನು ನುಂಗುವುದು ಹಾಡುಗಾರರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಭೆಯ ಎದುರು ಗಂಟಲು ಕೆರೆದರೂ ಅದನ್ನು ತಾಳದ ಸಂದಿಗೆ ಸರಿಸಿ ಅಡಗಿಸುವ ವಿದ್ಯೆ ಅದು. ಮೇಲಾಗಿ ಇವರಿಗೆ ಸಕ್ಕರೆ ಕಾಯಿಲೆ.

ಮಂಗಳಾರತಿಯ ಗಂಟೆ ಬಾರಿಸುವಾಗ ವಿಮಲಾ ಅವರಿಗೆ ಇನ್ನೊಂದು ನೆನಪಾಗುತ್ತದೆ. ಕೈ ಜೋಡಿಸಿದ್ದವರು ಹಾಗೆಯೇ ಕಣ್ಣು ತೆರೆದು ನಿಲ್ಲುತ್ತಾರೆ. ದೇಜಪ್ಪನವರ ಮಗಳು ಶ್ರದ್ಧಾ ಬಾಣಂತನಕ್ಕೆ ಬಂದಿದ್ದಾಳೆ. ಒಂದೇ ಕೋಣೆ, ಒಂದು ಅಡುಗೆಮನೆ. ಅಲ್ಲಿ ಇನ್ನೂ ನಲವತ್ತು ದಿನ ತುಂಬದ ಹೆಣ್ಣು ಕೂಸು ಇದೆ.

ಮರುದಿನ ಮಧ್ಯಾಹ್ನ ವಿಮಲಾ ಆ ಬಾಗಿಲಲ್ಲಿ ನಿಂತಾಗ ಒಳಗೆ ಕಂಡ ನೋಟ ಇದು: ಹೋಟೆಲಿನ ಬಿಡುವಿನಲ್ಲಿ ಮನೆಗೆ ಬಂದ ದೇಜಪ್ಪ ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಮುಖಕ್ಕೆ ಮುಖ ಬಾಗಿಸಿ, ತಗ್ಗಿದ ಧ್ವನಿಯಲ್ಲಿ ಪದ್ಯ ಹಾಡುತ್ತಿದ್ದಾರೆ. ಕೂಸು ಬಾಯಿ ತೆರೆದು ಅವರ ಉಸಿರನ್ನೇ ಕುಡಿಯುವಂತೆ ನೋಡುತ್ತಿದೆ. ಕಿಟಕಿ ಮುಚ್ಚಿದೆ, ಬಾಣಂತಿಗೆ ಗಾಳಿ ತಾಗಬಾರದಲ್ಲ.

ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ವಿಮಲಾ ಒಮ್ಮೆ ಅಂಥದೊಂದು ಎಳೆಗೂಸನ್ನು ಕಂಡಿದ್ದಾರೆ. ದೊಡ್ಡವರಲ್ಲಿ ಎದೆಯಲ್ಲೇ ನಿಲ್ಲುವ ಕಾಯಿಲೆ ಅದರ ತಲೆಗೆ ಏರಿತ್ತು. ಕತ್ತು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತ್ತು.

"ದೇಜಣ್ಣ, ಒಮ್ಮೆ ಕಫ ಪರೀಕ್ಷೆ ಮಾಡಿಸುವ," ಎನ್ನುತ್ತಾರೆ.

ದೇಜಪ್ಪನವರ ಹೆಂಡತಿ ಬಾಗಿಯಕ್ಕ ಒಳಗಿನಿಂದ ಬರುತ್ತಾರೆ, ಕೈಯಲ್ಲಿ ಬಾಣಂತಿ ಲೇಹ್ಯದ ಸೌಟು. "ಯಾರಿಗೆ? ಇವರಿಗಾ? ಹೋಟ್ಲಿನವರೆಲ್ಲ ಮುಗಿದ್ರಾ ನಿನ್ಗೆ? ಇವರು ಕೆಮ್ಮಿದ್ದು ಯಾವಾಗ ಕೇಳಿದ್ದೀ?"

"ಕೆಮ್ಮಿದ್ದು ಕೇಳ್ಲಿಲ್ಲ ಬಾಗಿಯಕ್ಕ. ಕೆಮ್ಮದ್ದು ಕೇಳಿದೆ."

ದೇಜಪ್ಪ ನಗುತ್ತಾರೆ. ಅವರಿಗೆ ಇದು ತಮಾಷೆ. "ಬಿಡು ಬಾಗಿ, ಅವಳ ಸಮಾಧಾನಕ್ಕೆ ಮಾಡಿಸುವ. ದೇವರ ಪದ್ಯ ಹೇಳುವ ಬಾಯಿ ಇದು, ಏನೂ ಸಿಕ್ಕುದಿಲ್ಲ. ಸಿಗ್ಲಿಲ್ಲ ಅಂದ್ರೆ ವಿಮಲಾ ನಮ್ಗೆಲ್ಲ ಪತ್ರೊಡೆ ಮಾಡಿ ಹಾಕ್ಬೇಕು."

ಸೋಮವಾರ ಕಫ ಪರೀಕ್ಷೆಯ ಕೇಂದ್ರದಲ್ಲಿ ಒಂದು ಡಬ್ಬಿ, ಮರುದಿನ ಬೆಳಿಗ್ಗೆ ಮನೆಯಿಂದ ಇನ್ನೊಂದು. ಹೇಳಿದ ಹೊತ್ತಿಗೆ ಸರಿಯಾಗಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಕೊಟ್ಟು ಬಂದರು ದೇಜಪ್ಪ. ಬುಧವಾರ ಫಲಿತಾಂಶ. ಸೂಕ್ಷ್ಮದರ್ಶಕದ ಮುಂದೆ ಕೂರುವ ರಿತೇಶ್ ಇಲ್ಲೇ ಹುಟ್ಟಿ ಬೆಳೆದವನು. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. "ಆಂಟಿ, ದೋನೋ ನೆಗೆಟಿವ್. ಲೇಕಿನ್ ಕಫ ನಹೀ ಥಾ, ಸಿರ್ಫ್ ಥೂಕ್ ಥಾ." ಎರಡರಲ್ಲೂ ಕ್ರಿಮಿ ಕಾಣಲಿಲ್ಲ, ಆದರೆ ಡಬ್ಬಿಯಲ್ಲಿ ಬಂದದ್ದು ಎದೆಯ ಕಫವಲ್ಲ, ಬರೀ ಬಾಯಿಯ ಉಗುಳು. ವರದಿಯಲ್ಲಿ ಅದನ್ನೂ ಬರೆದಿದ್ದಾನೆ. "ಫಿರ್ ಸೇ ಲಾಓ," ಎನ್ನುತ್ತಾನೆ.

ದೇಜಪ್ಪನವರ ಮನೆಯಲ್ಲಿ 'ನೆಗೆಟಿವ್' ಎಂಬ ಒಂದು ಮಾತು ಮಾತ್ರ ಉಳಿದಿದೆ. ಬಾಗಿ ಕೋಣೆಗಳ ಮುಂದೆ ಹಾಯುವ ಚಾಳಿನ ಗ್ಯಾಲರಿಯುದ್ದಕ್ಕೂ ಸಜ್ಜಿಗೆ ಹಂಚಿದ್ದಾರೆ. ಶುಕ್ರವಾರ ಮಧ್ಯಾಹ್ನ ವಿಮಲಾ ಮತ್ತೆ ಬಂದು, ಇನ್ನೊಮ್ಮೆ ಕೊಡಬೇಕು ಎಂದಾಗ ಲೇಹ್ಯದ ಸೌಟು ಹಿಡಿದ ಬಾಗಿಯ ಮುಖ ಕೆಂಪಗಾಗುತ್ತದೆ.

"ಇಲ್ಲ ಅಂತ ಬಂದದ್ದು ನಿನ್ಗೆ ಬೇಜಾರಾ ವಿಮಲಾ? ಇರ್ಲೇಬೇಕು ಅಂತ ಎಲ್ಲಿಯಾದ್ರೂ ಹರಕೆ ಹೊತ್ತಿದ್ದೀಯಾ? ನಾಡಿದ್ದು ಆದಿತ್ಯವಾರ ಕೂಸಿನ ತೊಟ್ಟಿಲು. ಘೋಡಬಂದರ್ ರಸ್ತೆಯಿಂದ ಶ್ರದ್ಧಾನ ಅತ್ತೆ ಮಾವ, ಪೂರಾ ಜನ ಬರ್ತಾರೆ. ಕಿವಿಯಲ್ಲಿ ಹೆಸರು ಹೇಳುದು ಇವರೇ. ಅಷ್ಟರೊಳಗೆ ಟಿ.ಬಿ. ಗಿಬಿ ಅಂತ ಒಂದು ಶಬ್ದ ಈ ಬಾಗಿಲಿಂದ ಹೊರಗೆ ಹೋದ್ರೆ ನನ್ನ ಮಗಳ ಗತಿ ಏನು?"

ವಿಮಲಾ ಹೊಸ್ತಿಲಲ್ಲೇ ಕೂತು ದೇಜಪ್ಪನವರನ್ನು ಕೇಳುತ್ತಾರೆ: "ಬೆಳಿಗ್ಗೆ ಎದ್ದ ಕೂಡ್ಲೆ ಮೊದ್ಲು ಎಂತ ಮಾಡ್ತೀರಿ ದೇಜಣ್ಣ?"

"ಎಂತ ಮಾಡುದು? ಗುರುಗಳು ಹೇಳಿಕೊಟ್ಟದ್ದೇ. ಬಿಸಿ ಉಪ್ಪುನೀರು ಹಾಕಿ ಗಂಟಲಿನಿಂದ ಎಲ್ಲ ಕಾರಿ ತೆಗೆಯುದು. ಮೇಲೆ ಕಾಳುಮೆಣಸಿನ ಕಷಾಯ. ಕೊಳೆ ಇಟ್ಕೊಂಡು ದೇವರ ಪದ್ಯ ಹೇಳ್ಬಾರ್ದು."

"ಡಬ್ಬಿಗೆ ಕೊಡುವ ದಿನವೂ?"

"ಆ ದಿನ ಇನ್ನೂ ಚೆಂದ ಮಾಡಿ ತೊಳೆದೆ. ಆಸ್ಪತ್ರೆಯವರ ಕೈಗೆ ಕೊಡುದಲ್ವಾ."

ವಿಮಲಾ ಹಣೆಗೆ ಕೈ ಹಚ್ಚಿಕೊಳ್ಳುತ್ತಾರೆ. ಪರೀಕ್ಷೆಗೆ ಬೇಕಾದದ್ದೆಲ್ಲ ಬಚ್ಚಲಿನಲ್ಲಿ ಹರಿದು ಹೋಗಿದೆ. ಶುದ್ಧವಾದ ಬಾಯಿಯ ಶುದ್ಧವಾದ ನೀರು ಡಬ್ಬಿ ಸೇರಿದೆ. ಹಾಡುಗಾರನಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು.

ಆದರೆ ತಾವೇ ತಪ್ಪಿದ್ದರೆ? ಆ ಯೋಚನೆಯೂ ಬರುತ್ತದೆ. ವಯಸ್ಸಾದವರ ಉಸಿರು ಹೇಗೂ ಗಿಡ್ಡವಾಗುತ್ತದೆ. ಸಕ್ಕರೆಯವರ ಮೈ ಹೇಗೂ ಇಳಿಯುತ್ತದೆ. ಒಂದು ಪದ್ಯದ ಸಾಲನ್ನು ಹಿಡಿದುಕೊಂಡು ಒಂದು ಮನೆಯ ತೊಟ್ಟಿಲ ದಿನವನ್ನು ಹಾಳು ಮಾಡಿದೆ ಎಂದಾದರೆ ನಾಳೆಯಿಂದ ಈ ಚಾಳಿನಲ್ಲಿ ಒಂದು ಬಾಗಿಲೂ ತೆರೆಯುವುದಿಲ್ಲ. ಮುಚ್ಚಿದ ಆ ಬಾಗಿಲುಗಳ ಹಿಂದೆ ಮುಂದೆ ಯಾರು ಯಾರು ಕೆಮ್ಮುವರೋ, ಯಾರಿಗೂ ಗೊತ್ತಾಗುವುದಿಲ್ಲ. ಎದ್ದು ಹೋಗಿಬಿಡಲೇ ಎಂದು ಒಂದು ಕ್ಷಣ ಅನಿಸುತ್ತದೆ. ಒಳಗೆ ಕೂಸು ಸೀನುತ್ತದೆ.

"ದೇಜಣ್ಣ," ಎನ್ನುತ್ತಾರೆ, "ಹೋದ ಶನಿವಾರ ಪುಂಡರೀಕನಿಗೆ ಬಿಟ್ಟುಕೊಟ್ರಲ್ಲ, ಆ ಪದ್ಯ. ಅದರ ಆರನೇ ಸಾಲು ಒಮ್ಮೆ ಹೇಳಿ. ಒಂದೇ ಉಸಿರಿಗೆ. ಹೇಳಿ ಮುಗಿಸಿದ್ರೆ ನಾನು ಎದ್ದು ಹೋಗ್ತೇನೆ, ಮತ್ತೆ ಈ ಸುದ್ದಿ ತೆಗೆಯುದಿಲ್ಲ."

"ಇದೆಂಥ ಪರೀಕ್ಷೆ!" ಎನ್ನುತ್ತಾರೆ ಬಾಗಿ. ದೇಜಪ್ಪ ಬೆನ್ನು ನೇರ ಮಾಡಿ ಕೂರುತ್ತಾರೆ. ತೊಡೆಯ ಮೇಲೆ ಬೆರಳು ತಾಳ ಹಿಡಿಯುತ್ತದೆ. ಸಾಲು ಏಳುತ್ತದೆ, ಎಂದಿನ ಹಾಗೆ ಗಟ್ಟಿಯಾಗಿ, ತುಂಬಿಕೊಂಡು. ಅರ್ಧಕ್ಕೆ ಬಂದಾಗ ಬೆರಳು ನಡೆಯುತ್ತದೆ, ಧ್ವನಿ ನಡೆಯುವುದಿಲ್ಲ. ಕತ್ತಿನ ನರ ಉಬ್ಬುತ್ತದೆ. ಮತ್ತೊಮ್ಮೆ ಮೊದಲಿನಿಂದ ಎತ್ತುತ್ತಾರೆ. ಈ ಸಲ ಅರ್ಧವೂ ದಾಟುವುದಿಲ್ಲ. ಇಲ್ಲಿ ಮುಚ್ಚಲು ಮದ್ದಳೆಯಿಲ್ಲ, ಎತ್ತಿಕೊಳ್ಳಲು ಪುಂಡರೀಕಾಕ್ಷನಿಲ್ಲ. ಮುರಿದ ಸಾಲು ಆ ಸಣ್ಣ ಕೋಣೆಯಲ್ಲಿ ಹಾಗೆಯೇ ಬಿದ್ದಿದೆ. ಆಮೇಲೆ ಬರುತ್ತದೆ ಕೆಮ್ಮು. ಎಷ್ಟು ತಿಂಗಳಿಂದ ಕೂಡಿಟ್ಟದ್ದೋ, ಮೈಯೆಲ್ಲ ಕುಲುಕಿಸಿಕೊಂಡು, ಗೋಡೆ ಹಿಡಿದುಕೊಳ್ಳುವಷ್ಟು. ಬಾಗಿಯ ಕೈಯ ಸೌಟಿನಿಂದ ಲೇಹ್ಯ ನೆಲಕ್ಕೆ ತೊಟ್ಟಿಕ್ಕುತ್ತದೆ. ಅವರಿಗೆ ಅದು ಕಾಣುವುದಿಲ್ಲ.

ಶ್ರದ್ಧಾ ಕೂಸನ್ನು ಎದೆಗೆ ಅವಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಯಾರೂ ಅವಳಿಗೆ ಏನೂ ಹೇಳುವುದಿಲ್ಲ. ಅವಳೇ ಹೋಗಿ ಕಿಟಕಿ ತೆರೆಯುತ್ತಾಳೆ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಚಾಳಿನ ತಾರಸಿಯ ಮೇಲೆ ಇಬ್ಬರೇ. ಮುಖ ತೊಳೆದಿಲ್ಲ, ಉಪ್ಪುನೀರು ಮುಟ್ಟಿಲ್ಲ, ಹಣೆಯಲ್ಲಿ ಗಂಧವಿಲ್ಲ. ಹೀಗೆ ಯಾರ ಕಣ್ಣಿಗೂ ಬಿದ್ದವರಲ್ಲ ದೇಜಪ್ಪ. ನಾಚಿಕೊಂಡು ಗೋಡೆಯತ್ತ ತಿರುಗಿ ನಿಲ್ಲುತ್ತಾರೆ. ವಿಮಲಾ ಗಾಳಿ ಬರುವ ಕಡೆಗೆ ಸರಿದು ಹೇಳುತ್ತಾರೆ: "ಉಸಿರು ಒಳಗೆ ಎಳ್ಕೊಳ್ಳಿ. ಪದ್ಯ ಎತ್ತುವ ಮೊದ್ಲು ಎಳೀತೀರಲ್ಲ, ಹಾಗೆ. ತಳದಿಂದ ಬರ್ಲಿ." ಈ ಸಲ ಡಬ್ಬಿಯಲ್ಲಿ ಬಂದದ್ದು ಉಗುಳಲ್ಲ. ವಿಮಲಾ ಮುಚ್ಚಳ ತಿರುಗಿಸಿ ಬೆಳಕಿಗೆ ಹಿಡಿದು ನೋಡಿ, ಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ಯಾವಾಗ ಗೊತ್ತಾಗ್ತದೆ?"

"ನಾಳೆ ರಜೆ. ಸೋಮವಾರ."

"ಸೋಮವಾರ," ದೇಜಪ್ಪ ತಮಗೆ ತಾವೇ ಹೇಳಿಕೊಳ್ಳುತ್ತಾರೆ.

"ಅಲ್ಲಿವರೆಗೆ ಗ್ಯಾಲರಿಯಲ್ಲಿ ಮಲಗಿ. ಬಾಯಿಗೆ ಬಟ್ಟೆ ಕಟ್ಕೊಳ್ಳಿ. ಇದ್ದದ್ದೇ ಆದ್ರೂ ಮದ್ದು ಉಂಟು, ಚನಿಯಣ್ಣ ಎದುರಿಗೇ ಇದ್ದಾರೆ. ಕೂಸನ್ನೂ ಡಾಕ್ಟ್ರಿಗೆ ತೋರಿಸಿದ್ರೆ ಅದಕ್ಕೂ ಬಾರದ ಹಾಗೆ ಮದ್ದು ಕೊಡ್ತಾರೆ. ಆದ್ರೆ ದೇಜಣ್ಣ..." ವಿಮಲಾ ಚೀಲದ ಬಾಯಿ ಕಟ್ಟುತ್ತಾರೆ. "ನಾಳೆ ಕೂಸಿನ ಕಿವಿಯಲ್ಲಿ ಹೆಸರು ನೀವು ಹೇಳ್ಬೇಡಿ."

ದೇಜಪ್ಪ ಮೆಟ್ಟಿಲು ಇಳಿದು ಹೋಗುತ್ತಾರೆ. ಅಂದು ಸಂಜೆ ಪಾರಾಯಣದಲ್ಲಿ ಅವರ ಜಾಗ ಖಾಲಿ. ಮನೆಯಲ್ಲಿ ಕಾರ್ಯಕ್ರಮ ಉಂಟಲ್ಲ, ಓಡಾಟ ಇರ್ತದೆ ಎಂದುಕೊಳ್ಳುತ್ತಾರೆ ಜನ.

ಭಾನುವಾರ ಬೆಳಿಗ್ಗೆ ಆ ಒಂದು ಕೋಣೆಯಲ್ಲಿ ಎಷ್ಟು ಜನ ಹಿಡಿಸಬಹುದೋ ಅದರ ಎರಡರಷ್ಟು ಜನ. ತೊಟ್ಟಿಲಿಗೆ ಅಬ್ಬಲಿಗೆ ಮಾಲೆ. ಘೋಡಬಂದರ್ ರಸ್ತೆಯ ಬೀಗರೂ ಕೂಸಿನ ತಂದೆಯೂ ಎರಡು ಕಾರಿನಲ್ಲಿ ಬಂದಿಳಿದಿದ್ದಾರೆ. ವಿಮಲಾ ಅವರನ್ನು ಬಾಗಿ ಕರೆದಿಲ್ಲ, ಬರಬೇಡ ಎಂದೂ ಹೇಳಿಲ್ಲ. ಅವರು ಹೊಸ್ತಿಲ ಹೊರಗೆ, ಚಪ್ಪಲಿಗಳ ರಾಶಿಯ ಪಕ್ಕ ನಿಂತಿದ್ದಾರೆ. ದೇಜಪ್ಪ ಒಳಗಿದ್ದಾರೆ, ತೆರೆದ ಕಿಟಕಿಯ ಹತ್ತಿರ. ಹೊಸ ಪಂಚೆ, ಶಾಲು. ಮುಖಕ್ಕೆ ಬಟ್ಟೆ ಇಲ್ಲ. ಆದರೆ ಶಾಲಿನ ಸೆರಗು ಬಾಯಿಯ ಹತ್ತಿರವೇ ಇದೆ.

ಹೆಸರಿಡುವ ಕ್ರಮ ಎಲ್ಲರಿಗೂ ಗೊತ್ತು. ತೊಟ್ಟಿಲಿಗೆ ಹಾಕುವ ಮೊದಲು ಮನೆಯ ಹಿರಿಯರು ವೀಳ್ಯದೆಲೆಯ ಮರೆಯಲ್ಲಿ ಕೂಸಿನ ಕಿವಿಗೆ ಬಾಯಿ ತಾಗುವಷ್ಟು ಹತ್ತಿರ ಬಾಗಿ ಮೂರು ಸಲ ಹೆಸರು ಹೇಳಬೇಕು. ಮೂರು ಉಸಿರು.

"ಬನ್ನಿ ದೇಜಣ್ಣ," ಎನ್ನುತ್ತಾನೆ ಪುಂಡರೀಕಾಕ್ಷ, ವೀಳ್ಯದೆಲೆ ಹಿಡಿದುಕೊಂಡು. "ನಿಮ್ಮ ಕಂಠದಲ್ಲಿ ಹೆಸರು ಬಿದ್ರೆ ಕೂಸು ನಾಳೆ ಪದ್ಯವೇ ಹಾಡ್ತದೆ ನೋಡಿ."

"ಅಜ್ಜ ಹಾಡುಗಾರರು ಅಂತ ಕೇಳಿದ್ದೇವೆ, ಬನ್ನಿ ಬನ್ನಿ," ಎನ್ನುತ್ತಾರೆ ಬೀಗರು. ಯಾರೋ ಮೊಬೈಲು ಎತ್ತಿ ಹಿಡಿಯುತ್ತಾರೆ. ಬಾಗಿ ಗಂಡನ ಮುಖ ನೋಡುವುದಿಲ್ಲ. ತೊಟ್ಟಿಲ ಹಗ್ಗ ನೋಡುತ್ತಿದ್ದಾರೆ. ಶ್ರದ್ಧಾ ಕೂಸನ್ನು ಎತ್ತಿಕೊಂಡು ನಿಂತಿದ್ದಾಳೆ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅತ್ತೆ ಅವಳ ಬೆನ್ನಿಗೆ ಕೈ ಇಟ್ಟು ಮೆಲ್ಲನೆ ಮುಂದೆ ತಳ್ಳುತ್ತಾರೆ. "ಹೋಗು ಮಗಾ, ಮುಹೂರ್ತ ಮೀರ್ತದೆ."

ಕೂಸು ಈಗ ದೇಜಪ್ಪನವರಿಂದ ಒಂದು ಮೊಳ ದೂರ. ಅಜ್ಜನ ಮುಖ ಕಂಡು ಬೊಚ್ಚು ಬಾಯಿ ತೆರೆಯುತ್ತದೆ. ಹೊಸ್ತಿಲಾಚೆ ವಿಮಲಾ ಬಾಗಿಲಿನ ಚೌಕಟ್ಟು ಹಿಡಿದಿದ್ದಾರೆ. ಕೂಗಿಬಿಡಬಹುದು. ಕೂಗಿದರೆ ಈ ಮನೆಯ ಗುಟ್ಟು ಎರಡು ಕಾರು ಹತ್ತಿ ಹೊರಟು ಹೋಗುತ್ತದೆ. ಕೂಗದಿದ್ದರೆ... ದೇಜಪ್ಪ ಒಂದು ಹೆಜ್ಜೆ ಮುಂದೆ ಇಟ್ಟಿದ್ದಾರೆ. ಅವರ ಕೈಗಳು ಕೂಸಿನತ್ತ ಎದ್ದಿವೆ.

ಆ ಕೈಗಳು ನಡುದಾರಿಯಲ್ಲಿ ನಿಲ್ಲುತ್ತವೆ. ಆಮೇಲೆ ಹಿಂದಕ್ಕೆ ಹೋಗಿ ಬೆನ್ನ ಮೇಲೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

"ಹೆಸರು ಅದರ ತಂದೆ ಹೇಳ್ಲಿ," ಎನ್ನುತ್ತಾರೆ ದೇಜಪ್ಪ.

"ಅದೆಂಥ ಮಾತು ದೇಜಣ್ಣ? ಹಿರಿಯರು ನೀವಿದ್ದು!" ಪುಂಡರೀಕಾಕ್ಷ ವೀಳ್ಯದೆಲೆಯನ್ನು ಅವರ ಮುಂದೆ ಚಾಚುತ್ತಾನೆ. "ಒಂದೇ ಒಂದು ಸಲ ಹೇಳಿ, ಸಾಕು."

ದೇಜಪ್ಪ ಕಿಟಕಿಯ ತನಕ ಹಿಂದೆ ಸರಿಯುತ್ತಾರೆ. ಸರಿದು, ಮುಖವನ್ನು ಹೊರಗಿನ ಗಾಳಿಗೆ ತಿರುಗಿಸಿ, ಇಡೀ ಕೋಣೆಗೆ ಕೇಳುವಂತೆ ಹೇಳುತ್ತಾರೆ:

"ಇಲ್ಲ. ನಾನು ಹೇಳುವುದಿಲ್ಲ."